ಪ್ರೊಸೆಸರ್ ಫ್ಯಾನ್ ಬದಲಿಸುವ ಮುನ್ನ

ಶನಿವಾರ, 14 ಜೂನ್ 2025

ಡೆಸ್ಕ್‌ಟಾಪ್‌ನ ಪ್ರೊಸೆಸರ್ ಮೇಲಿರುವ ಫ್ಯಾನನ್ನು ಬದಲಿಸಲೇಬೇಕೆಂದು ಇಂದು ತೀರ್ಮಾನಿಸಿದೆ. ಅದರ ಸದ್ದು ಜೋರು ಎನ್ನುವುದಕ್ಕಿಂತ, ಸದಾ ಏರಿಳಿಯುತ್ತಲೇ ಇರುತ್ತದೆ ಎನ್ನುವುದೇ ನನ್ನ ದೂರು. ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ಸಾಕು, ಪ್ರೊಸೆಸರ್‌ನ ಉಷ್ಣತೆ ಕ್ಷಣಾರ್ಧದಲ್ಲಿ ಹತ್ತು ಹದಿನೈದು ಡಿಗ್ರಿ ಜಿಗಿಯುತ್ತದೆ, ಅದರ ಬೆನ್ನಿಗೇ ಫ್ಯಾನ್ ಮೊರೆಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಒಂದೇ ಶ್ರುತಿಯಲ್ಲಿ ನಿಂತ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ಈ ಏರಿಳಿತಕ್ಕೆ ಒಗ್ಗುವುದಿಲ್ಲ.

ದುಡ್ಡು ಹಾಕುವ ಮೊದಲು ಸದ್ದು ಯಾವುದರದೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಕಂಪ್ಯೂಟರ್ ಚಾಲೂ ಇರುವಾಗಲೇ, ರೆಕ್ಕೆಗಳಿಗೆ ತಾಗದಂತೆ ಪ್ರತಿ ಫ್ಯಾನಿನ ನಡುವಿನ ದುಂಡನೆಯ ಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಒಂದೆರಡು ಸೆಕೆಂಡು ನಿಲ್ಲಿಸಿ ನೋಡಿದೆ. ಕ್ಯಾಬಿನೆಟ್‌ನ ಹಿಂಬದಿಯ ಫ್ಯಾನ್ ನಿಂತಾಗ ಏನೂ ವ್ಯತ್ಯಾಸವಾಗಲಿಲ್ಲ. ಪ್ರೊಸೆಸರ್‌ನ ಫ್ಯಾನ್ ನಿಂತೊಡನೆ ಮೊರೆತ ಕಡಿದುಬಿದ್ದು, ಅಲ್ಲಿಯವರೆಗೆ ಮುಚ್ಚಿಹೋಗಿದ್ದ ಹಾರ್ಡ್ ಡಿಸ್ಕಿನ ಗುಂಯ್‌ಗುಟ್ಟುವಿಕೆ ಕೇಳಿಸಿತು.

ಪ್ರೊಸೆಸರ್ ಜೊತೆಗೇ ಬಂದ ಈ ಫ್ಯಾನ್ ಚಿಕ್ಕದು; ಚಿಕ್ಕದಾದ್ದರಿಂದಲೇ ಅದು ಅಷ್ಟು ವೇಗವಾಗಿ ತಿರುಗಬೇಕಾಗುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ, ಒತ್ತಡ ಕಾಲು ಭಾಗಕ್ಕೆ ಬರುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್‌ನಷ್ಟು ತಗ್ಗುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ ಎಂಬುದನ್ನು ನೆನೆದರೆ ಇದು ದೊಡ್ಡ ಲಾಭ. ಗಾಳಿಯ ಪ್ರಮಾಣ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಒಂದೇ ಆಕಾರದ ರೆಕ್ಕೆಗಳಿದ್ದರೆ 120 ಮಿ.ಮೀ. ಫ್ಯಾನ್ ಪ್ರತಿ ಸುತ್ತಿಗೂ 92 ಮಿ.ಮೀ. ಫ್ಯಾನಿಗಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿ ತಳ್ಳುತ್ತದೆ. ಹಾಗಾಗಿ ದೊಡ್ಡ ಫ್ಯಾನನ್ನು ನಿಧಾನವಾಗಿ ತಿರುಗಿಸುವುದೇ ಸರಿಯಾದ ದಾರಿ. ಆದರೆ ಪ್ರೊಸೆಸರ್‌ನ ಕಾವನ್ನು ಹೀರಿ ಗಾಳಿಗೆ ಬಿಡುವ ಹಳೆಯ ಲೋಹದ ಹೀಟ್‌ಸಿಂಕ್‌ಗೆ ಅದು ಕೂರುವುದಿಲ್ಲ. ಕಾವನ್ನು ಸಾಗಿಸುವ ಕೊಳವೆಗಳಾದ ಹೀಟ್‌ಪೈಪ್‌ಗಳಿರುವ, ಗೋಪುರದಂತೆ ಎತ್ತರವಾದ ಟವರ್ ಕೂಲರನ್ನೇ ತರಬೇಕು.

ಪೆಟ್ಟಿಗೆಯ ಮೇಲಿನ ಡೆಸಿಬೆಲ್ ಅಂಕಿಯನ್ನು ನಂಬಿ ಆರಿಸುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟು ದೂರದಿಂದ, ಯಾವ ಬಗೆಯ ಕೋಣೆಯಲ್ಲಿ ಅಳೆದರೆಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಸಾಮಾನ್ಯವಾಗಿ ಅಳೆಯುವುದೂ ತೆರೆದ ಗಾಳಿಯಲ್ಲಿಟ್ಟ ಒಂಟಿ ಫ್ಯಾನನ್ನು. ಅದನ್ನೇ ಹೀಟ್‌ಸಿಂಕಿನಲ್ಲಿ ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ಹಾಳೆಗಳಾದ ಫಿನ್‌ಗಳ ಮುಂದೆ ಕೂರಿಸಿದಾಗ ಗಾಳಿಗೆ ತಡೆಯುಂಟಾಗಿ ಸದ್ದಿನ ಗುಣವೇ ಬದಲಾಗುತ್ತದೆ. ಅಂಥಲ್ಲಿ ಒತ್ತಡದಿಂದ ಗಾಳಿ ತಳ್ಳಬಲ್ಲ ಫ್ಯಾನ್ ಬೇಕು. ನೊಕ್ಟುವಾ ಕಂಪನಿ 2018ರಲ್ಲಿ ತಂದ ಎನ್‌ಎಫ್-ಎ12x25 ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಅಂತರ ಬರೀ 0.5 ಮಿ.ಮೀ. ತುದಿಯಲ್ಲಿ ಗಾಳಿ ಹಿಂದಕ್ಕೆ ಸೋರದಿರಲೆಂದು ಹೀಗೆ ಮಾಡಿದ್ದಾರೆ. ಸಾಧಾರಣ ಪ್ಲಾಸ್ಟಿಕ್ ತಿರುಗುವ ರಭಸಕ್ಕೂ ಕಾವಿಗೂ ಕಾಲಕ್ರಮೇಣ ಹಿಗ್ಗಿ ಚೌಕಟ್ಟಿಗೆ ಉಜ್ಜಬಹುದಾದ್ದರಿಂದ, ಬೇರೆಯೇ ಬಿಗಿಯಾದ ವಸ್ತುವನ್ನು ಬಳಸಿದ್ದಾರೆ. ಇಂಥ ಕೆಲಸಗಾರಿಕೆ ಕಂಡರೆ ನನಗೆ ನಿಜಕ್ಕೂ ಗೌರವ.

ಫ್ಯಾನಿನ ಅಚ್ಚನ್ನು ಹಿಡಿದು ತಿರುಗಗೊಡುವ ಬೇರಿಂಗ್ ವಿಷಯದಲ್ಲಿ ಹೆಚ್ಚು ಯೋಚಿಸಲಿಲ್ಲ. ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ, ಆದರೆ ನಿಧಾನ ವೇಗದಲ್ಲಿ ಸಣ್ಣಗೆ ಕಿರುಗುಟ್ಟುವುದು ಕೇಳಿಸುತ್ತದೆ. ಎಣ್ಣೆಯ ಪದರದ ಮೇಲೆ ತಿರುಗುವ ಫ್ಲೂಯಿಡ್ ಬೇರಿಂಗ್ ಇರುವುದನ್ನೇ ತರುತ್ತೇನೆ.

ಟವರ್‌ನ ಎರಡೂ ಬದಿಗೆ ಎರಡು ಫ್ಯಾನ್ ಹಾಕುವ ಆಲೋಚನೆಯನ್ನು ಕೈಬಿಟ್ಟೆ. ಒಂದೇ ಬಗೆಯ ಎರಡು ಫ್ಯಾನ್‌ಗಳು ಸೇರಿದರೆ 3 ಡೆಸಿಬೆಲ್ ಹೆಚ್ಚುವುದಷ್ಟೇ ಅಲ್ಲ, ಅವುಗಳ ವೇಗ ತುಸು ಹೆಚ್ಚುಕಡಿಮೆಯಾದರೆ ಬೇರೆಯೇ ಉಪದ್ರವ ಶುರುವಾಗುತ್ತದೆ. ಒಂಬತ್ತು ರೆಕ್ಕೆಗಳ ಫ್ಯಾನ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ 180 ಹರ್ಟ್ಸ್‌ನ ನಾದ ಹೊರಡುತ್ತದೆ, ಜೊತೆಯದು 1230 ಸುತ್ತು ತಿರುಗಿದರೆ 184.5 ಹರ್ಟ್ಸ್, ಇವೆರಡೂ ಬೆರೆತು ಸೆಕೆಂಡಿಗೆ ನಾಲ್ಕೈದು ಬಾರಿ ಕಂಪಿಸುವ ಗುಂಗು ಹುಟ್ಟುತ್ತದೆ. ನಾನು ತಪ್ಪಿಸಿಕೊಳ್ಳಬೇಕೆಂದಿರುವ ಏರಿಳಿತವೇ ಬೇರೆ ವೇಷದಲ್ಲಿ ಬಂದಂತೆ.

ಕ್ಯಾಬಿನೆಟ್ 160 ಮಿ.ಮೀ. ಎತ್ತರದ ಕೂಲರ್‌ವರೆಗೆ ಜಾಗ ಕೊಡುತ್ತದೆ, ಆದ್ದರಿಂದ 140 ಮಿ.ಮೀ. ಫ್ಯಾನ್ ಇರುವ ಎತ್ತರದ ಕೂಲರ್‌ಗಳು ಪಟ್ಟಿಯಿಂದ ಹೊರಗುಳಿದವು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಇಂಟೆಲ್‌ನ ಎಲ್‌ಜಿಎ 1700 ಬಗೆಯದು. ಇದರ ಸುತ್ತ ಕೂಲರ್ ಬಿಗಿಯುವ ರಂಧ್ರಗಳ ಅಂತರ ಹಿಂದಿನ 75 ಮಿ.ಮೀ. ಬದಲು 78 ಮಿ.ಮೀ. ಆಗಿರುವುದರಿಂದ ಹೊಂದುವ ಕ್ಲ್ಯಾಂಪ್ ಜೊತೆಯಲ್ಲಿದೆಯೇ ಎಂದು ನೋಡಿಕೊಂಡೇ 120 ಮಿ.ಮೀ.ನ, ಬೋರ್ಡೇ ವೇಗವನ್ನು ನಿಯಂತ್ರಿಸಬಲ್ಲ ನಾಲ್ಕು ಪಿನ್ನಿನ ಒಂದೇ ಫ್ಯಾನ್ ಇರುವ ಟವರ್ ಕೂಲರನ್ನು ಆರಿಸಿದ್ದೇನೆ.

ಎಷ್ಟು ಒಳ್ಳೆಯ ಫ್ಯಾನ್ ತಂದರೂ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿರುವ ಈಗಿನ ಫ್ಯಾನ್ ಕರ್ವ್, ಅಂದರೆ ಯಾವ ಉಷ್ಣತೆಗೆ ಎಷ್ಟು ವೇಗ ಎಂಬ ಹೊಂದಾಣಿಕೆ, ಹಾಗೆಯೇ ಉಳಿದರೆ ಅದೂ ಉಷ್ಣತೆಯ ಪ್ರತಿ ಜಿಗಿತದ ಹಿಂದೆ ಓಡುತ್ತದೆ. 60 ಡಿಗ್ರಿಯವರೆಗೆ 700 ಸುತ್ತಿನಲ್ಲೇ ನಿಲ್ಲಿಸಿ, ಅಲ್ಲಿಂದ 80 ಡಿಗ್ರಿಗೆ 1200 ಸುತ್ತು ಮುಟ್ಟುವಂತೆ ಸಾವಕಾಶವಾಗಿ ಏರಿಸುವ ಯೋಚನೆಯಿದೆ. ಈ ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುವುದು 100 ಡಿಗ್ರಿಯ ಹತ್ತಿರವಾದ್ದರಿಂದ 80ಕ್ಕೆ ಹೆದರಬೇಕಿಲ್ಲ. ವೇಗ ಬದಲಾಗುವ ಮುನ್ನ ಕೆಲವು ಸೆಕೆಂಡು ಕಾಯುವ ಆಯ್ಕೆಯೂ ಬಯೋಸ್‌ನಲ್ಲಿದೆ. ಅಷ್ಟು ಹೊತ್ತಿನ ಕಾವನ್ನು ದೊಡ್ಡ ಹೀಟ್‌ಸಿಂಕ್ ತಾನೇ ಹೀರಿಕೊಳ್ಳುತ್ತದೆ, ಫ್ಯಾನಿಗೆ ಕೆಲಸವೇ ಬೀಳುವುದಿಲ್ಲ.