ಗಣಿತದ ಜೋಡಿ ಜರ್ಮನ್ ಯಾಕೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಏನು ಓದಿದ್ದೀರಿ ಅಂತ ಯಾರಾದರೂ ಕೇಳುತ್ತಾರೆ. "ಗಣಿತ ಮತ್ತು ಜರ್ಮನ್" ಅನ್ನುತ್ತೇನೆ. ಎರಡು ಡಿಗ್ರೀನಾ? ಅಲ್ಲ, ಒಂದೇ. ಆಮೇಲೆ ಬರುವ ಮಾತು ನನಗೆ ಬಾಯಿಪಾಠ. "ಗಣಿತ ಅಂದ್ರ ತಿಳೀತೈತಿ. ಅದ್ರ ಜೋಡಿ ಜರ್ಮನ್ ಯಾಕವಾ? ಮೇನ್ ಯಾವುದು, ಸೈಡ್ ಯಾವುದು?" ಬೆಳಗಾವಿಯಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಇದೇ, ಪಿಯುಸಿ ಮಕ್ಕಳ ಅಪ್ಪ-ಅಮ್ಮ ಫೋನ್ ಮಾಡಿದರೂ ಇದೇ. ಹೋಳಿಗೆ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಡಿಗ್ರಿ ಎಂಥದ್ದು ಅಂತ ಹೇಳಿಬಿಡುತ್ತೇನೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಜಾಯಿಂಟ್ ಆನರ್ಸ್ ಅಂತ ಇದೆ. ಎರಡು ವಿಷಯ, ಒಂದೇ ಪದವಿ. ವರ್ಷಕ್ಕೆ 120 ಕ್ರೆಡಿಟ್, ಅದರಲ್ಲಿ ಹೆಚ್ಚುಕಡಿಮೆ 60 ಗಣಿತಕ್ಕೆ, 60 ಜರ್ಮನ್‌ಗೆ. ಕೋರ್ಸಿನ ಹೆಸರಿನಲ್ಲಿ 'ಆ್ಯಂಡ್' ಇದ್ದರೆ ಸಮಪಾಲು. 'ವಿತ್' ಇದ್ದರೆ ಮೊದಲು ಬರೆದ ವಿಷಯ ಜಾಸ್ತಿ, ಎರಡನೆಯದು ಕಡಿಮೆ. ನನ್ನದು 'ಆ್ಯಂಡ್'. ಸಾಮಾನ್ಯವಾಗಿ ನಾಲ್ಕು ವರ್ಷದ ಓದು. ಮೂರನೆಯ ವರ್ಷ ಪೂರ್ತಿ ಜರ್ಮನ್ ಮಾತಾಡುವ ದೇಶದಲ್ಲಿ ಇರಬೇಕು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಬಹುದು, ಯಾವುದಾದರೂ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಸಹಾಯಕರಾಗಿ ಹೋಗಬಹುದು, ಇಲ್ಲವೇ ಕಂಪನಿಯಲ್ಲಿ ಕೆಲಸ ಮಾಡಬಹುದು. ನಾನು ಓದುವುದನ್ನು ಆರಿಸಿಕೊಂಡೆ. ಸೋದರಮಾವ ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದರು, ಅವರ ಆಸರೆ ಇತ್ತು. ಇಲ್ಲದಿದ್ದರೆ ಆ ಫೀ ಕಟ್ಟುವುದು ನಮ್ಮ ಮನೆಗೆ ಆಗದ ಮಾತು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಸರಿ ಅನಿಸುವುದಿಲ್ಲ.

ಈಗ ಮೇನ್-ಸೈಡ್ ಪ್ರಶ್ನೆ. ಯಾವುದೂ ಸೈಡ್ ಅಲ್ಲ. ಎರಡರ ದುಡಿಮೆ ಬೇರೆ ಬೇರೆ ಥರದ್ದು, ಅಷ್ಟೇ. ಭಾಷೆಗೆ ದಿನಾ ಸ್ವಲ್ಪ ಹೊತ್ತು ಕೊಡಲೇಬೇಕು, ಒಂದು ವಾರ ಬಿಟ್ಟರೆ ನಾಲಿಗೆ ಹೊರಳುವುದಿಲ್ಲ. ಗಣಿತ ಹಾಗಲ್ಲ. ಒಂದು ಪ್ರೂಫ್ ಹಿಡಿದು ಕೂತರೆ ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಕೆಲವೊಮ್ಮೆ ಏನೂ ಸಿಗದೆ. ಜಾಯಿಂಟ್ ಡಿಗ್ರಿಯಲ್ಲಿ ನಿಜವಾದ ಕಷ್ಟ ಬುದ್ಧಿಯದ್ದಲ್ಲ, ಟೈಮ್‌ಟೇಬಲ್‌ನದ್ದು. ಎರಡು ವಿಭಾಗ ಅಂದರೆ ಒಂದೇ ಸೊಸೆಗೆ ಇಬ್ಬರು ಅತ್ತೆಯರು ಇದ್ದ ಹಾಗೆ. ಇವಳಿಗೆ ಬೇರೆ ಕಡೆಯೂ ಕೆಲಸ ಇದೆ ಅನ್ನುವುದು ಇಬ್ಬರಿಗೂ ನೆನಪಿರುವುದಿಲ್ಲ. ಜರ್ಮನ್ ಪ್ರಬಂಧ ಕೊಡಬೇಕಾದ ದಿನವೇ ಆಲ್ಜೀಬ್ರಾ ಟೆಸ್ಟ್ ಬೀಳುತ್ತದೆ.

ಜರ್ಮನಿಯ ವರ್ಷದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಆ ವರ್ಷ ಇಲ್ಲದಿದ್ದರೆ ಈ ಡಿಗ್ರಿಯಲ್ಲಿ ಹುರುಳಿಲ್ಲ. ಅಲ್ಲಿ ಗಣಿತದ ಕ್ಲಾಸಿನಲ್ಲಿ ವಾರಕ್ಕೊಂದು ಲೆಕ್ಕದ ಹಾಳೆ ಕೊಡುತ್ತಾರೆ. ಬಿಡಿಸಿ ಕೊಟ್ಟರೆ ತಿದ್ದಿ, ಅಂಕ ಹಾಕಿ ವಾಪಸ್ ಕೊಡುತ್ತಾರೆ. ಹೆಚ್ಚಿನ ಕಡೆ ಆ ಹಾಳೆಗಳಲ್ಲಿ ಅರ್ಧದಷ್ಟಾದರೂ ಅಂಕ ಬಂದರೆ ಮಾತ್ರ ಪರೀಕ್ಷೆಗೆ ಕೂರಬಹುದು. ನಮ್ಮಲ್ಲಿ ಅಟೆಂಡೆನ್ಸ್ ಇದ್ದ ಹಾಗೆ, ಆದರೆ ಸುಮ್ನೆ ಹಾಜರಾದರೆ ಸಾಲದು. ಕ್ಲಾಸು ಹತ್ತಕ್ಕೆ ಅಂತ ಬರೆದಿದ್ದರೆ ಎಷ್ಟೋ ಕಡೆ ಶುರುವಾಗುವುದು ಹತ್ತೂಕಾಲಿಗೆ, ಅದು ಹಳೆಯ ರೂಢಿ. ನಮ್ಮ ಕಡೆಯೂ ಹತ್ತು ಅಂದರೆ ಹತ್ತಲ್ಲ. ಆದರೆ ಅವರ ಕಾಲು ಗಂಟೆ ಕಾಲು ಗಂಟೆಯೇ! ಪಾಠ ಮುಗಿದಾಗ ಚಪ್ಪಾಳೆ ಹೊಡೆಯುವುದಿಲ್ಲ, ಎಲ್ಲರೂ ಗೆಣ್ಣಿನಿಂದ ಬೆಂಚು ಬಡಿಯುತ್ತಾರೆ.

ಗ್ರೇಡು ಇನ್ನೊಂದು ತಮಾಷೆ. 1.0 ಅಂದರೆ ಎಲ್ಲಕ್ಕಿಂತ ಮೇಲು, 4.0 ಬಂದರೆ ಪಾಸು, 5.0 ಅಂದರೆ ಫೇಲ್. "1.3 ಬಂತು" ಅಂತ ಖುಷಿಯಿಂದ ಫೋನ್ ಮಾಡಿದರೆ ಅಮ್ಮ, "ಅಯ್ಯ, ಫೇಲ್ ಆದಿ ಏನವಾ?" ಅಂದಿದ್ದಳು.

ಅಂಕಿಗಳನ್ನು ಬರೆಯುವುದೂ ಬೇರೆ. ದಶಾಂಶಕ್ಕೆ ಚುಕ್ಕಿ ಇಲ್ಲ, ಕಾಮಾ. ಸಾವಿರಕ್ಕೆ ಕಾಮಾ ಇಲ್ಲ, ಚುಕ್ಕಿ. 2,500 ಅಂದರೆ ಅಲ್ಲಿ ಎರಡೂವರೆ. ಎರಡೂವರೆ ಸಾವಿರ ಬೇಕಿದ್ದರೆ 2.500 ಅಂತ ಬರೆಯಬೇಕು. ಇದು ಕಣ್ಣಿಗೆ ಹೊಂದಲು ತಿಂಗಳುಗಳೇ ಬೇಕಾದವು. ಮಾತಿನಲ್ಲಿ ಬಿಡಿಯ ಅಂಕಿ ಮೊದಲು, ಹತ್ತರದ್ದು ಆಮೇಲೆ. 25ಕ್ಕೆ 'ಐದು ಮತ್ತು ಇಪ್ಪತ್ತು' ಅನ್ನುತ್ತಾರೆ. ಪ್ರೊಫೆಸರು ವೇಗವಾಗಿ ಹೇಳುತ್ತಾ ಹೋದರೆ ಇಂಗ್ಲಿಷ್ ಹುಡುಗರು 52 ಅಂತ ಬರೆದುಕೊಳ್ಳುತ್ತಿದ್ದರು. ನನಗೆ ಅಷ್ಟು ತ್ರಾಸ ಆಗಲಿಲ್ಲ. ಖಡೇಬಜಾರಿನ ಅಂಗಡಿಗಳಲ್ಲಿ ಮರಾಠಿಯ 'ಪಂಚವೀಸ' ಕೇಳಿ ಬೆಳೆದವಳು ನಾನು, ಅದೂ ಐದು ಮೊದಲೇ ಅಲ್ವಾ? ವಾಕ್ಯದೊಳಗೆ ಇನ್ನೊಂದು ವಾಕ್ಯ ಬಂದಾಗ ಕ್ರಿಯಾಪದ ಕೊನೆಗೆ ಹೋಗುವುದೂ ಕನ್ನಡದವರಿಗೆ ಹೊಸದಲ್ಲ. ಲಿಂಗ ಮಾತ್ರ ಇವತ್ತಿಗೂ ಕಾಡುತ್ತದೆ. ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ! ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ಇನ್ನು 'ಯಾಕೆ' ಅನ್ನುವುದಕ್ಕೆ ಬರುತ್ತೇನೆ. ಗಣಿತಕ್ಕೆ ಜರ್ಮನ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈಗಿನ ಸಂಶೋಧನೆ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಒಂದು ಕಾಲಕ್ಕೆ ಹಾಗಿರಲಿಲ್ಲ. ಗೌಸ್, ರೀಮಾನ್, ಹಿಲ್ಬರ್ಟ್‌ರಂಥ ದೊಡ್ಡ ಗಣಿತಜ್ಞರೆಲ್ಲ ಕಲಿಸಿದ್ದು ಜರ್ಮನಿಯ ಗ್ಯೋಟಿಂಗೆನ್ ಊರಿನಲ್ಲಿ. ಗಣಿತ ಕಲಿಯಲು ಬೇರೆ ಬೇರೆ ದೇಶದವರು ಅಲ್ಲಿಗೇ ಹೋಗುತ್ತಿದ್ದರು. 1933ರಲ್ಲಿ ನಾಜಿಗಳು ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಅಲ್ಲಿ ಕಲಿಸುತ್ತಿದ್ದ ಗಣಿತಜ್ಞೆ ಎಮ್ಮಿ ನ್ಯೋಟರ್ ಅಮೆರಿಕಕ್ಕೆ ಹೋದರು, ಎರಡೇ ವರ್ಷಕ್ಕೆ ತೀರಿಕೊಂಡರು. ಗ್ಯೋಟಿಂಗೆನ್‌ಗೆ ಆ ಹಳೆಯ ಕಳೆ ಮತ್ತೆ ಬರಲಿಲ್ಲ. ಈ ಕತೆಯನ್ನು ನನಗೆ ಕಲಿಸಿದ್ದು ಗಣಿತ ವಿಭಾಗ ಅಲ್ಲ, ಜರ್ಮನ್ ವಿಭಾಗದ ಇತಿಹಾಸದ ಪಾಠ.

ಎರಡೂ ವಿಷಯ ಒಂದೇ ಪುಟದಲ್ಲಿ ಕೂಡಿದ್ದು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ. ರೀಮಾನ್ 1859ರಲ್ಲಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಒಂದು ಲೇಖನ ಬರೆದ. ಕೆಲವೇ ಪುಟಗಳದ್ದು. ಒಂದು ಸಂಖ್ಯೆಗಿಂತ ಚಿಕ್ಕವಾದ ಅವಿಭಾಜ್ಯಗಳು ಎಷ್ಟಿವೆ ಅನ್ನುವುದು ಅದರ ವಿಷಯ. ನಡುವೆ ಒಂದು ಸಮೀಕರಣ ಬರುತ್ತದೆ. ಅದರ ಮೂಲಗಳೆಲ್ಲ ವಾಸ್ತವ ಸಂಖ್ಯೆಗಳೇ ಇರುವ ಸಂಭವ ಬಹಳ ಅನ್ನುತ್ತಾನೆ. ಮುಂದಿನ ಮಾತು ಕೇಳಿ: ಇದಕ್ಕೆ ಕಟ್ಟುನಿಟ್ಟಾದ ಪ್ರೂಫ್ ಇದ್ದಿದ್ದರೆ ಚೆನ್ನಾಗಿತ್ತು, ಹಾಗೇ ಮೇಲಿಂದ ಮೇಲೆ ಒಂದಷ್ಟು ಪ್ರಯತ್ನ ಮಾಡಿದೆ, ಆಗಲಿಲ್ಲ, ಸದ್ಯಕ್ಕೆ ಬದಿಗಿಟ್ಟಿದ್ದೇನೆ, ನನ್ನ ಈಗಿನ ಕೆಲಸಕ್ಕೆ ಅದು ಬೇಕಾಗಿಲ್ಲ. ಇಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಅವನು ಬದಿಗಿಟ್ಟದ್ದೇ ರೀಮಾನ್ ಹೈಪಾಥಿಸಿಸ್. ಬಿಡಿಸಬೇಕಾದ ಪ್ರಶ್ನೆಗಳು ಅಂತ ಹಿಲ್ಬರ್ಟ್ 1900ರಲ್ಲಿ ಮಾಡಿದ ಪಟ್ಟಿಯಲ್ಲಿ ಅದು ಎಂಟನೆಯದು. 2000ದಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಅದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಇನ್ನೂ ಯಾರಿಗೂ ಬಿಡಿಸಲಾಗಿಲ್ಲ.

ಇದನ್ನು ಇಂಗ್ಲಿಷಿನಲ್ಲೂ ಓದಬಹುದು, ಗಣಿತ ಒಂದೇ. ಆದರೆ ಜರ್ಮನ್‌ನಲ್ಲಿ ಓದುವಾಗ ಆ ದನಿ ಬೇರೆಯೇ ಕೇಳಿಸಿತು. 'ಇದ್ದಿದ್ದರೆ ಚೆನ್ನಾಗಿತ್ತು' ಅನ್ನುವ ಆ ಕ್ರಿಯಾಪದದ ರೂಪವನ್ನು ವ್ಯಾಕರಣದ ಕ್ಲಾಸಿನಲ್ಲಿ ಬೈಸಿಕೊಂಡು ಕಲಿತಿದ್ದೆ. ಅದೇ ರೂಪ ಗಣಿತದ ಅತಿ ದೊಡ್ಡ ಪ್ರಶ್ನೆಯ ಮುಂದೆ ಆರಾಮಾಗಿ ನಿಂತಿತ್ತು. ನನಗೆ ಈ ಡಿಗ್ರಿ ಅಂದರೆ ಇದು. ಲಾಭ-ನಷ್ಟದ ಲೆಕ್ಕ ಕೇಳುವವರಿಗೆ ಈ ಉತ್ತರ ರುಚಿಸುವುದಿಲ್ಲ ಅಂತಲೂ ಗೊತ್ತು.

ಅವರಿಗಾಗಿ ಲಾಭದ ಮಾತೂ ಇರಲಿ. ಬೆಳಿಗ್ಗೆ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ, ಸಂಜೆ ಟಿಳಕವಾಡಿಯಲ್ಲಿ ಜರ್ಮನ್ ಬ್ಯಾಚ್. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟ ಹುಡುಗಿಯರೇ ಅಲ್ಲಿ ಜಾಸ್ತಿ, ಆಮೇಲೆ ಎಂಜಿನಿಯರುಗಳು. ನಡುನಡುವೆ ಉದ್ಯಮಬಾಗಿನ ಕಾರ್ಖಾನೆಗಳಿಂದ ಅನುವಾದದ ಕೆಲಸ ಬರುತ್ತದೆ. ಮಷೀನಿನ ಕೈಪಿಡಿ, ಡ್ರಾಯಿಂಗು ಹೀಗೆ. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದು, 0,05 ಅಂತ ಇದ್ದಾಗ ಅದು ಏನು ಅಂತ ನಾನು ಯಾರನ್ನೂ ಕೇಳಬೇಕಾಗಿಲ್ಲ. ಇನ್ನೊಂದು ವಿಚಿತ್ರ: ಜರ್ಮನಿಯಲ್ಲಿ ಈ ಜೋಡಿ ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಅಲ್ಲಿ ಹೈಸ್ಕೂಲು ಶಿಕ್ಷಕರಾಗಲು ಸಾಮಾನ್ಯವಾಗಿ ಎರಡು ವಿಷಯ ಓದಬೇಕು. ನಾನು ಹೇಳಿದ ಕೂಡಲೇ, "ಹೋ, ಟೀಚರ್ ಆಗ್ತೀಯಾ" ಅನ್ನುತ್ತಿದ್ದರು.

ಯಾರು ಇದಕ್ಕೆ ಹೋಗಬಾರದು ಅಂತಲೂ ಹೇಳಬೇಕು. ಗಣಿತದಲ್ಲೇ ಪಿಎಚ್‌ಡಿ ಮಾಡುವ ಹಟ ಇದ್ದರೆ ಬರೀ ಗಣಿತ ಓದಿ. ಸಮಪಾಲಿನ ಡಿಗ್ರಿಯಲ್ಲಿ ಗಣಿತದ ಪೇಪರುಗಳು ಅರ್ಧಕ್ಕೆ ಇಳಿಯುತ್ತವೆ. ಮೆಷರ್ ಥಿಯರಿ, ಟೊಪಾಲಜಿ ಥರದವು ಕೈತಪ್ಪಿದರೆ ಆಮೇಲೆ ತುಂಬಿಕೊಳ್ಳುವುದು ಕಷ್ಟ. ಜರ್ಮನ್ ಬರೀ ವೀಸಾಕ್ಕೆ ಬೇಕು ಅನ್ನುವವರಿಗೂ ಇದು ಬೇಡ. ಇಲ್ಲಿ ಕತೆ, ನಾಟಕ, ಇತಿಹಾಸ ಎಲ್ಲ ಓದಿ ಪ್ರಬಂಧ ಬರೆಯಬೇಕು.

ಇಲ್ಲೇ ಇದ್ದು ಏನು ಮಾಡಬಹುದು ಅಂದರೆ, ಗಣಿತದಲ್ಲಿ ಬಿಎಸ್ಸಿ ಮಾಡುತ್ತಾ ಜರ್ಮನ್ ಕಲಿಯಿರಿ. ಎ1ರಿಂದ ಸಿ2ವರೆಗೆ ಆರು ಹಂತ. ಗೊಯಟೆ ಸಂಸ್ಥೆ, ಅಂದರೆ ನಮ್ಮವರು ಮ್ಯಾಕ್ಸ್ ಮುಲ್ಲರ್ ಭವನ ಅನ್ನುವುದು, ಪುಣೆಯಲ್ಲೂ ಬೆಂಗಳೂರಲ್ಲೂ ಇದೆ. ಬೆಳಗಾವಿಯವರಿಗೆ ಪುಣೆಯೇ ಹತ್ತಿರ. ಬರೀ ಪಿಯುಸಿ ಮುಗಿಸಿದವರಿಗೆ ಜರ್ಮನಿಯಲ್ಲಿ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಅಲ್ಲಿ ಪೂರ್ವಸಿದ್ಧತೆಯ ಕೋರ್ಸ್ ಮಾಡಬೇಕು. 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರವೂ ಬೇಕು, ಅಂದರೆ ನಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ. ಆದರೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಬದುಕಲು ಹಣ ಇದೆ ಅಂತ ತೋರಿಸಲು ವರ್ಷಕ್ಕೆ 11,904 ಯೂರೋ ಬ್ಯಾಂಕಿನಲ್ಲಿ ಇಡಬೇಕು, ಇದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ.

ಬ್ರಿಟನ್ನಿಗೇ ಹೋಗುವ ಅನುಕೂಲ ಇದ್ದವರಿಗೆ ಒಂದು ಮಾತು. ಅಲ್ಲಿ ಜರ್ಮನ್ ವಿಭಾಗಗಳು ಒಂದೊಂದಾಗಿ ಮುಚ್ಚುತ್ತಿವೆ. ಅರ್ಜಿ ಹಾಕುವ ಮೊದಲು ಆ ವಿಭಾಗಕ್ಕೆ ಇಮೇಲ್ ಮಾಡಿ, ನಾಲ್ಕೂ ವರ್ಷ ಕೋರ್ಸ್ ನಡೆಯುತ್ತದಾ, ಹೊರದೇಶದ ವರ್ಷಕ್ಕೆ ಫೀ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ.