ಮೊದಲು ವಾಲ್ಯೂಮ್ ಸಮ ಮಾಡಿ

"ಎರಡು ಜೊತೆ ಸ್ಪೀಕರ್ ನೋಡಿಟ್ಟಿದ್ದೀನಿ. ಯಾವುದು ಒಳ್ಳೆಯದು ಅಂತ ಕೊಳ್ಳೋಕೆ ಮುಂಚೆ ಹೇಗೆ ತಿಳ್ಕೊಳ್ಳೋದು?" ಹೈ-ಫೈ ಹುಚ್ಚಿನವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ಯಾವುದೋ ಬ್ರ್ಯಾಂಡಿನ ಹೆಸರು ಹೇಳುತ್ತೇನೆ ಅಂತ ಕಾಯುತ್ತಿರುತ್ತಾರೆ. ನಾನು ಹೇಳುವುದು ಇಷ್ಟೇ: ಮೊದಲು ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ.

ನಮ್ಮ ಕಿವಿಗೆ ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿಯೇ ಕೇಳುತ್ತದೆ. ಒಂದು ಸ್ಪೀಕರಿನ ಸದ್ದು ಇನ್ನೊಂದಕ್ಕಿಂತ ಬರೀ ಒಂದು ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಜಾಸ್ತಿ ಇದ್ದರೆ "ಇದು ಜೋರು" ಅಂತ ಸಾಮಾನ್ಯವಾಗಿ ಅನ್ನಿಸುವುದಿಲ್ಲ. "ಇದರಲ್ಲಿ ದನಿ ಸ್ಪಷ್ಟ, ಬೇಸ್ ತುಂಬಿಕೊಂಡಿದೆ" ಅನ್ನಿಸುತ್ತದೆ. ಮೆಲ್ಲಗಿನ ಸದ್ದಿನಲ್ಲಿ ಬೇಸ್ ನಮ್ಮ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ, ವಾಲ್ಯೂಮ್ ಏರಿಸಿದಂತೆಲ್ಲ ಅದು ಬೇಗ ಬೇಗ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದರು. ಇತ್ತ ಸ್ಪೀಕರುಗಳ ಸೆನ್ಸಿಟಿವಿಟಿಯೂ, ಅಂದರೆ ಅಷ್ಟೇ ಪವರ್ ಕೊಟ್ಟಾಗ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದೂ, ಬೇರೆ ಬೇರೆ. ಒಂದರದ್ದು 86 ಡೆಸಿಬೆಲ್, ಇನ್ನೊಂದರದ್ದು 90 ಅಂದುಕೊಳ್ಳಿ. ವಾಲ್ಯೂಮ್ ಗುಂಡಿಯನ್ನು ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹೋದರೆ ಎರಡನೆಯದೇ ಗೆಲ್ಲುತ್ತದೆ. ಅದರಲ್ಲಿ ಅದರ ಗುಣವೇನೂ ಇಲ್ಲ.

ಸಮ ಮಾಡುವುದು ಕಷ್ಟವಲ್ಲ. ಪಿಂಕ್ ನಾಯ್ಸ್ ಹಾಕಿ. ಜೋರಾಗಿ ಸುಂಯ್‌ಗುಡುವ ಒಂದು ಸದ್ದು ಅದು, ಹುಡುಕಿದರೆ ಸುಮ್ನೆ ಸಿಗುತ್ತದೆ. ನೀವು ಕೂರುವ ಜಾಗದಲ್ಲಿ ಮೊಬೈಲಿನ ಸೌಂಡ್ ಮೀಟರ್ ಇಟ್ಟು ಎರಡಕ್ಕೂ ಒಂದೇ ಅಂಕಿ ಬರುವ ಹಾಗೆ ವಾಲ್ಯೂಮ್ ತಿರುಗಿಸಿ. ಮೊಬೈಲ್ ತೋರಿಸುವ ಅಂಕಿ ಕರಾರುವಾಕ್ಕಾಗಿ ಇರಬೇಕಿಲ್ಲ, ಎರಡು ಸಲವೂ ಒಂದೇ ಆಗಿದ್ದರೆ ಆಯಿತು. ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರ್ ಹೋಲಿಸುವುದಾದರೆ ಇದು ಸಾಲದು. 1,000 ಹರ್ಟ್ಸ್ ಟೋನ್ (ಸೆಕೆಂಡಿಗೆ 1,000 ಕಂಪನದ, ಒಂದೇ ಶ್ರುತಿಯ ಸದ್ದು) ಹಾಕಿ, ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜನ್ನೇ ಸಮ ಮಾಡಬೇಕು. ಹೀಗೆ ಮಾಡಿದ ಮೇಲೆ "ಹಗಲು ರಾತ್ರಿಯ ವ್ಯತ್ಯಾಸ" ಅಂತ ಹೊಗಳಿಸಿಕೊಂಡ ಎಷ್ಟೋ ಆಂಪ್ಲಿಫೈಯರುಗಳ ನಡುವೆ ವ್ಯತ್ಯಾಸ ಹುಡುಕಬೇಕಾಗುತ್ತದೆ. ಕೇಬಲ್ಲಿನ ಮಾತು ಬೇಡ ಬಿಡಿ.

ಇನ್ನು ಕಣ್ಣು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಸಿಬ್ಬಂದಿಗೆ ಅವೇ ಸ್ಪೀಕರುಗಳನ್ನು ಎರಡು ರೀತಿ ಕೇಳಿಸಿದರು: ಪರದೆಯ ಹಿಂದಿಟ್ಟು ಒಮ್ಮೆ, ಎದುರಿಗಿಟ್ಟು ಒಮ್ಮೆ. ಕಣ್ಣಿಗೆ ಕಂಡಾಗ ಕೊಟ್ಟ ಅಂಕಗಳೇ ಬೇರೆ, ಕಾಣದಾಗ ಕೊಟ್ಟ ಅಂಕಗಳೇ ಬೇರೆ. ಅದೇ ಕೆಲಸದಲ್ಲಿರುವವರ ಪಾಡು ಇದು! ಹಾಗಾಗಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಅವರು ಬದಲಾಯಿಸುತ್ತಿರಲಿ, ನೀವು ಕಣ್ಣು ಮುಚ್ಚಿ ಕೇಳಿ. ಬದಲಾವಣೆ ಬೇಗ ಆಗಬೇಕು. ಸದ್ದಿನ ಸಣ್ಣ ವ್ಯತ್ಯಾಸಗಳು ನೆನಪಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಏನು ಕೇಳಬೇಕು? ಅಂಗಡಿಯವರು ಹಾಕುವ ಡೆಮೊ ಬೇಡ. ಅದನ್ನು ಆರಿಸಿರುವುದೇ ಆ ಸ್ಪೀಕರ್ ಚೆಂದ ಕಾಣಲಿ ಅಂತ. ನಾನಾದರೆ ಮೊದಲು ಮಾತು ಕೇಳುತ್ತೇನೆ, ಹಾಡಲ್ಲ. ಯಾರೋ ಗಂಡಸು ಸಾಮಾನ್ಯವಾಗಿ ಮಾತಾಡುತ್ತಿರುವ ರೆಕಾರ್ಡಿಂಗ್ ಸಾಕು. ದನಿ ಮಡಕೆಯೊಳಗಿಂದ ಬಂದ ಹಾಗೆ ಗುಂಯ್‌ಗುಟ್ಟಿದರೆ, 'ಸ'ಕಾರ ಬಂದಾಗಲೆಲ್ಲ ಕಿವಿಗೆ ಚುಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ಮನುಷ್ಯರ ದನಿ ಹೇಗಿರುತ್ತದೆ ಅಂತ ಯಾರೂ ನಮಗೆ ಹೇಳಿಕೊಡಬೇಕಿಲ್ಲ, ಅಲ್ವಾ? ಆಮೇಲೆ ಸಭೆಯ ಚಪ್ಪಾಳೆ. ಒಂದೊಂದು ಕೈಯೂ ಬೇರೆಯಾಗಿ ಕೇಳಬೇಕು, ಎಲ್ಲ ಸೇರಿ ಬರೀ ಸರಸರ ಅನ್ನಬಾರದು. ಕೊನೆಗೆ ನಿಮಗೆ ಬಾಯಿಪಾಠವಾಗಿರುವ ಹಾಡು, ಅದೂ ಮೆಲ್ಲಗೆ. ವಾಲ್ಯೂಮ್ ಇಳಿಸಿದಾಗಲೂ ಪಿಟೀಲು ಪಿಟೀಲಾಗಿಯೇ ಉಳಿದರೆ ಸ್ಪೀಕರ್ ಚೆನ್ನಾಗಿದೆ.

ಅಂಗಡಿಯಲ್ಲಿ ಕೇಳಿದ ಬೇಸನ್ನು ಮಾತ್ರ ನಂಬಬೇಡಿ. ಸುಮಾರು 200 ಹರ್ಟ್ಸ್‌ನಿಂದ ಕೆಳಗೆ ಸ್ಪೀಕರಿಗಿಂತ ಕೋಣೆಯದ್ದೇ ಕಾರುಬಾರು. 4 ಮೀಟರ್ ಉದ್ದದ ಕೋಣೆ 43 ಹರ್ಟ್ಸ್ ಹತ್ತಿರ ತಾನೇ ಅನುರಣಿಸುತ್ತದೆ. ಕುರ್ಚಿಯನ್ನು ಒಂದು ಮೀಟರ್ ಸರಿಸಿದರೆ ಬೇಸ್ ಉಬ್ಬಬಹುದು, ಮಾಯವೂ ಆಗಬಹುದು. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬೇಸ್ ಇನ್ನೂ ಜಾಸ್ತಿ. ಮನೆಗೆ ಒಯ್ದು ಕೇಳಿ, ಹಿಡಿಸದಿದ್ದರೆ ವಾಪಸ್ ಕೊಡಬಹುದಾದ ಕಡೆಯೇ ಕೊಳ್ಳಿ. ಇದಕ್ಕಾಗಿ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೂ ನಷ್ಟವಿಲ್ಲ.

ಡಬ್ಬಿಯ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. 50 ವ್ಯಾಟ್ 100 ಆದರೆ ಸಿಗುವುದು 3 ಡೆಸಿಬೆಲ್. ಸದ್ದು ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 500 ವ್ಯಾಟ್ ಬೇಕು. "40 ಹರ್ಟ್ಸ್‌ನಿಂದ 20,000 ಹರ್ಟ್ಸ್" ಅಂತ ಬರೆದು, ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರುಪೇರು ಅಂತ ಹೇಳದಿದ್ದರೆ ಅದನ್ನು ಓದಿಯೂ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇವೆಲ್ಲದಕ್ಕೂ ಮೊದಲು ಮುಂದಿನ ಜಾಲರಿ ತೆಗೆಸಿ ನೋಡಿ. ಕೋನ್ (ಅದುರಿ ಸದ್ದು ಹೊರಡಿಸುವ ಶಂಕು) ಸುತ್ತಲಿನ ಫೋಮ್ ವರ್ಷಗಳಾದಂತೆ ಪುಡಿಯಾಗುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದಾಗ ಉದುರಿದರೆ ಅದನ್ನು ಬದಲಿಸುವ ಖರ್ಚು ಕಳೆದೇ ಬೆಲೆ ಮಾತಾಡಿ.