ಮಷಿನ್ ಒಪ್ಪದ ಹೆಬ್ಬೆರಳು

ಮೇ ತಿಂಗಳ ಕಾರವಾರ. ಸ್ನಾನ ಮುಗಿಸಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಎಲ್ಲರಿಗೂ ಹೀಗೇ ಬಿಡಿ. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬೆವರು ಆರುವುದಾದರೂ ಹೇಗೆ? ಆದರೆ ನನ್ನ ಅಂಗೈ ಡಿಸೆಂಬರಿನಲ್ಲಿ ಶಿರಸಿಗೆ ಹೋದರೂ ಒದ್ದೆಯೇ.

ಇವತ್ತು ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿದೆ. ಮಷಿನ್ ಒಪ್ಪಲಿಲ್ಲ. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದೆ. ಊಹೂಂ. ಹಿಂದೆ ಸಾಲು ಬೆಳೆದಷ್ಟೂ ಬೆವರು ಜಾಸ್ತಿ. ಕೊನೆಗೆ ಹಿಂದಿದ್ದ ಅಜ್ಜಿಯೊಬ್ಬರು ನನ್ನ ಬೆರಳನ್ನು ತಮ್ಮ ಸೆರಗಿನಲ್ಲಿ ಗಟ್ಟಿಯಾಗಿ ಒರೆಸಿ, "ಈಗ ಇಡು ತಮ್ಮಾ" ಅಂದರು. ತಗೊಂಡಿತು!

ಹೀಗೆ ಅತಿಯಾಗಿ ಬೆವರುವುದಕ್ಕೆ ಹೈಪರ್‌ಹೈಡ್ರೋಸಿಸ್ ಅಂತ ಹೆಸರಿದೆ, ಪುಕ್ಕಲುತನ ಅಲ್ಲ ಅಂತ ಚರ್ಮದ ಡಾಕ್ಟರು ಹೇಳಿದಾಗ ನನಗೆ 31. ಅಲ್ಲಿಯವರೆಗೆ ಕೈಕುಲುಕುವುದು ತಪ್ಪಿಸಲು ಎಲ್ಲರಿಗೂ ನಮಸ್ಕಾರ ಮಾಡಿ, ಸುಮ್ನೆ ಸಂಸ್ಕಾರವಂತ ಅನ್ನಿಸಿಕೊಂಡಿದ್ದೆ.

ಈಗ ರಾತ್ರಿ ಕೈ ಪೂರ್ತಿ ಒಣಗಿಸಿ ಅಲ್ಯೂಮಿನಿಯಂ ಕ್ಲೋರೈಡ್ ಇರುವ ಲೋಷನ್ ಹಚ್ಚಿ ಮಲಗುತ್ತೇನೆ. ಬೆಳಿಗ್ಗೆ ತೊಳೆಯುವುದು. ಸ್ವಲ್ಪ ಉರಿ ಇದೆ, ಗುಣವೂ ಇದೆ. ಅಮ್ಮನಿಗೆ ಮಾತ್ರ ಮುರುಗಲು (ಕೋಕಂ) ಶರಬತ್ತಿನ ಮೇಲೇ ನಂಬಿಕೆ. ಬೆವರು ನಿಲ್ಲದಿದ್ದರೂ ಕುಡಿಯುತ್ತೇನೆ. ರುಚಿ ಇದೆಯಲ್ಲ!

ಇಷ್ಟು ಬರೆಯುವಷ್ಟರಲ್ಲಿ ಮೊಬೈಲ್ ಸ್ಕ್ರೀನ್ ಎರಡು ಸಲ ಒರೆಸಿದೆ.